ಎಲೆಯ ಮುಂದೆ ಕುಳಿತುಕೊಳ್ಳುವವರೆಗೆ

ರಜೆಯ ದಿನಗಳಲ್ಲಿ ಮಕ್ಕಳುಮರಿಗಳೊಡನೆ ವಿಹಾರಕ್ಕೆ ಹೊರಡುವ ಗೃಹಸ್ಥರು ವಾಹನದ ಬಾಡಿಗೆಯನ್ನೂ ಪ್ರವೇಶದ ಚೀಟಿಯ ಬೆಲೆಯನ್ನೂ ಮುಂಚಿತವಾಗಿಯೇ ವಿಚಾರಿಸಿಕೊಳ್ಳುವರು. ಆದರೆ ನಡುಹಗಲಲ್ಲಿ ಊಟಕ್ಕಾಗಿ ಎಷ್ಟು ಹೊತ್ತು ಕಾಯಬೇಕಾದೀತೆಂಬುದನ್ನು ವಿಚಾರಿಸುವವರು ವಿರಳ. ಹಸಿವು ಹೊತ್ತಿಗೆ ಸರಿಯಾಗಿ ಬರತಕ್ಕದ್ದು. ಎಲೆಯಾದರೋ ಹಾಗೆ ಬರುವುದೆಂಬ ನಿಯಮವಿಲ್ಲ. ಈ ಎರಡರ ನಡುವಣ ಕಾಲವನ್ನು ಅದೃಷ್ಟಕ್ಕೆ ಬಿಡದೆ ಲೆಕ್ಕಕ್ಕೆ ತರಬಹುದೆಂಬುದನ್ನು ಈ ತಿಂಗಳು ನಮ್ಮ ವಾಚಕರಿಗೆ ಬಿನ್ನವಿಸಬೇಕೆಂದಿರುವೆವು.

ಬಟವಾಡಿಯ ಒಂದು ಸಂಸಾರವನ್ನೇ ಉದಾಹರಣೆಗೆ ಎತ್ತಿಕೊಳ್ಳೋಣ. ಅಜ್ಜ, ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು. ಒಟ್ಟು 6 ಮಂದಿ. ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾ ವಿಹಾರೋದ್ಯಾನವನ್ನು ನೋಡುವ ಆಸೆ ಮಕ್ಕಳಿಗೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರು, ಅಲ್ಲಿಂದ ಮೈಸೂರು ರಸ್ತೆಯಲ್ಲಿ ಮತ್ತೆ ಸುಮಾರು 30. ತಟ್ಟೆ ಇಡ್ಲಿಗೆ ಹೆಸರಾದ ಕ್ಯಾತ್ಸಂದ್ರವನ್ನು ದಾಟಿ, ತಟ್ಟೆ ಇಡ್ಲಿಗೆ ಅಷ್ಟೇ ಹೆಸರಾದ ಬಿಡದಿಯನ್ನು ಸೇರುವ ಪ್ರಯಾಣವಿದು!

ಕಾಯುವಿಕೆಯ ಮೊದಲನೆಯ ಪಾಠವನ್ನು ಕ್ಯಾತ್ಸಂದ್ರದಲ್ಲಿಯೇ ಕಲಿಯಬಹುದು. ಇಡ್ಲಿಯ ಅಂಗಡಿಯಲ್ಲಿ ನಮ್ಮನ್ನು ನಿಲ್ಲಿಸತಕ್ಕದ್ದು ಮುಂದಿರುವ ಜನ ಮಾತ್ರವಲ್ಲ, ಹಬೆಯೂ ಹೌದು. ಒಲೆಯ ಮೇಲಿನ ಪಾತ್ರೆ ಆಗತಾನೆ ಬರಿದಾಗಿದ್ದರೆ ಮುಂದೆ ನಾಲ್ವರೇ ಇದ್ದರೂ ಹೊಸ ಹಿಟ್ಟು ಬೇಯುವವರೆಗೆ ಕಾಯಲೇಬೇಕು. ಆಗತಾನೆ ಇಳಿಸಿದ್ದರೆ ಇಪ್ಪತ್ತು ಮಂದಿಯಿದ್ದರೂ ಬೇಗನೆ ಸಿಕ್ಕೀತು. ಮದುವೆಮನೆಯ ಪಂಕ್ತಿಯೂ ಇದೇ ಜಾತಿಯದು. ಒಬ್ಬನಷ್ಟು ಹಿಂದೆ ಬಿದ್ದವನೂ ಇಡೀ ಒಂದು ಪಂಕ್ತಿ ಎದ್ದು, ಎಲೆ ತೆಗೆದು, ನೆಲ ಒರೆಸುವವರೆಗೆ ನಿಲ್ಲಬೇಕು. ಇಂಥ ಕಡೆಗಳಲ್ಲಿ ತಲೆಗಳನ್ನು ಎಣಿಸಿ ಪ್ರಯೋಜನವಿಲ್ಲ, "ಮುಂದಿನ ಪಂಕ್ತಿ ಎಷ್ಟು ಹೊತ್ತಿಗೆ?" ಎಂದು ಕೇಳುವುದೇ ಸರಿಯಾದ ಪ್ರಶ್ನೆ.

ಎರಡನೆಯ ಬಗೆಯದು, ಆಸನಗಳು ಒಂದೊಂದಾಗಿ ತೆರವಾಗುವ ಭೋಜನಶಾಲೆ. ಭಾನುವಾರ ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಉಪಾಹಾರಗೃಹಕ್ಕೆ ಹೋದವರು ಹೆಸರು ಬರೆಸಿ ಕಾದಿರುವ ಅನುಭವವನ್ನು ಬಲ್ಲರು. 1924ರಲ್ಲಿ ಮೈಯ ಸೋದರರು ಆರಂಭಿಸಿದ ಆ ಸಂಸ್ಥೆಯ ಮುಂದೆ ಇಂದಿಗೂ ಜನ ನಿಲ್ಲುವರು. ಇಲ್ಲಿಯ ಲೆಕ್ಕ ಸುಲಭವಾದುದು. ಒಂದು ಶಾಲೆಯಲ್ಲಿ 80 ಆಸನಗಳಿವೆ, ಒಬ್ಬೊಬ್ಬರು ಕುಳಿತು ಏಳಲು 40 ನಿಮಿಷ ಹಿಡಿಯುವುದು ಎಂದಿಟ್ಟುಕೊಳ್ಳಿರಿ. ಹಾಗಾದರೆ ನಿಮಿಷಕ್ಕೆ 2 ಆಸನಗಳು ತೆರವಾದುವು. ಮುಂದೆ 120 ಮಂದಿಯಿದ್ದರೆ 60 ನಿಮಿಷ ಕಾಯಬೇಕು. ಕುಳಿತ ಮೇಲೆ ಎಲೆಗೆ ಅನ್ನ ಬರುವವರೆಗಿನ ಹೊತ್ತನ್ನು ಇದಕ್ಕೆ ಕೂಡಿಸತಕ್ಕದ್ದು. ಸಾಲಿನ ಉದ್ದ, ಜನ ಸಾಗುವ ವೇಗ, ಕಾಯುವ ಕಾಲ, ಈ ಮೂರಕ್ಕೂ ಇರುವ ಸಂಬಂಧವನ್ನು ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದರು. ಇದನ್ನು ಉಪಯೋಗಿಸಲು ಮಾತ್ರ ನಮಗೆ ಭಾಗಾಕಾರ ಬಂದರೆ ಸಾಕು.

ಇಲ್ಲಿ ಎರಡು ಎಚ್ಚರಿಕೆಗಳುಂಟು. ಪಟ್ಟಿಯಲ್ಲಿರುವ ಹೆಸರುಗಳನ್ನಲ್ಲ, ಮಂದಿಯನ್ನು ಎಣಿಸಬೇಕು. ಒಂದು ಹೆಸರಿನ ಹಿಂದೆ ಎಂಟು ಮಂದಿ ಇರಬಹುದು. ಮತ್ತು ನಾಲ್ವರ ಮೇಜುಗಳಿರುವಲ್ಲಿ ನಮ್ಮ ಆರು ಮಂದಿಯೂ ಒಟ್ಟಿಗೇ ಕುಳಿತುಕೊಳ್ಳಬೇಕೆಂದು ಹಟ ಹಿಡಿದರೆ ಅಕ್ಕಪಕ್ಕದ ಎರಡು ಮೇಜುಗಳು ಏಕಕಾಲದಲ್ಲಿ ತೆರವಾಗಬೇಕು. ಅಜ್ಜ, ಅಜ್ಜಿ, ಒಂದು ಮಗು ಒಂದು ಕಡೆ, ಉಳಿದ ಮೂವರು ಇನ್ನೊಂದು ಕಡೆ ಕುಳಿತರೆ ಹಿರಿಯರು ಬೇಗನೆ ಉಣ್ಣುವರು.

ಮೂರನೆಯದು, ಹಣ ಕೊಟ್ಟು ಚೀಟಿ ಪಡೆದು ತಟ್ಟೆಯನ್ನು ತಾನೇ ತಂದುಕೊಳ್ಳುವ ಕ್ರಮ. ಒಬ್ಬರಿಗೆ ಒಂದೂವರೆ ನಿಮಿಷ ಹಿಡಿದರೆ, 20 ಮಂದಿಯ ಹಿಂದೆ ನಿಂತವನಿಗೆ ಅರ್ಧ ಗಂಟೆ. ಇಂಥ ಕಡೆ ಒಬ್ಬರು ಚೀಟಿಗೆ ನಿಂತು, ಇನ್ನೊಬ್ಬರು ಹಿರಿಯರಿಗೆ ಕುಳಿತುಕೊಳ್ಳಲು ನೆರಳನ್ನು ಹುಡುಕುವುದು ಉತ್ತಮ. ಉದ್ಯಾನಗಳಲ್ಲಿ ಒಂದು ಗಂಟೆಯಿಂದ ಎರಡರವರೆಗೆ ಎಲ್ಲರಿಗೂ ಒಮ್ಮೆಗೇ ಹಸಿವಾಗುವುದು. ಹನ್ನೆರಡಕ್ಕೆ ಮುಂಚೆಯೇ ಊಟಕ್ಕೆ ಹೋದವರು ಜನರೆಲ್ಲ ಊಟಕ್ಕೆ ನಿಂತಿರುವಾಗ ಆಟಗಳ ಬಳಿಯ ಸಾಲನ್ನೂ ಕಡಿಮೆಮಾಡಿಕೊಳ್ಳಬಹುದು.

ಮುಂಗಡವಾಗಿ ಆಸನ ಕಾದಿರಿಸಿದರೆ ಈ ಕಷ್ಟವೆಲ್ಲ ತಪ್ಪದೆ ಎಂದು ಕೇಳುವವರುಂಟು. ಅಮೆರಿಕದ ಫ್ಲಾರಿಡದಲ್ಲಿ 1971ರಲ್ಲಿ ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್ ಉದ್ಯಾನದಲ್ಲಿ 60 ದಿನ ಮುಂಚಿತವಾಗಿಯೇ ಊಟದ ಮೇಜನ್ನು ಕಾದಿರಿಸಲು ಅವಕಾಶವಿದೆ. ಅಲ್ಲಿರುವ ನಮ್ಮ ಕನ್ನಡ ಸಂಸಾರಗಳೂ ಊರಿನಿಂದ ತಂದೆತಾಯಿಗಳು ಬರುವರೆಂದಾಗ ಈ ದಿನಗಳನ್ನು ಎಣಿಸಬೇಕಾದೀತು. ಆದರೆ ಕಾದಿರಿಸುವುದರಿಂದ ಕಾಯುವಿಕೆ ಇಲ್ಲವಾಗದು. ಅದರ ಬಹುಭಾಗ ಬಾಗಿಲಿನಿಂದ ಮನೆಗೆ ವರ್ಗವಾಗುವುದು. ಹೇಳಿದ ಹೊತ್ತಿಗೆ ಹೋದ ಮೇಲೂ ಮೇಜು ಸಿದ್ಧವಾಗಲು, ಅಡಿಗೆ ಬರಲು ಸ್ವಲ್ಪ ಕಾಲ ಹಿಡಿದೇ ಹಿಡಿಯುವುದು.

ಇಷ್ಟು ಲೆಕ್ಕವೇಕೆಂದರೆ, ಕಾಯುವುದು ಎಲ್ಲರಿಗೂ ಒಂದೇ ಅಲ್ಲ. ತರುಣನಿಗೆ ಒಂದು ಗಂಟೆ ಬೇಸರ ಮಾತ್ರ. ಮಧುಮೇಹವಿರುವ ಅಜ್ಜನು ಊಟಕ್ಕೆ ಮುಂಚಿನ ಇನ್ಸುಲಿನ್ನನ್ನೋ ಕೆಲವು ಬಗೆಯ ಮಾತ್ರೆಗಳನ್ನೋ ತೆಗೆದುಕೊಂಡು ಸಾಲಿನಲ್ಲಿ ನಿಂತರೆ, ಅದೇ ಒಂದು ಗಂಟೆಯಲ್ಲಿ ರಕ್ತದ ಸಕ್ಕರೆ ತೀರ ಇಳಿದು ಬೆವರು, ನಡುಕ, ತಲೆಸುತ್ತು ಕಾಣಿಸಿಕೊಂಡಾವು. ಪ್ರಯಾಣದ ದಿನ ಔಷಧವನ್ನು ಯಾವಾಗ ತೆಗೆದುಕೊಳ್ಳಬೇಕೆಂಬುದನ್ನು ವೈದ್ಯರಿಂದ ಮೊದಲೇ ತಿಳಿದಿರಬೇಕು. ಚೀಲದಲ್ಲಿ ಸಕ್ಕರೆಯ ಪೊಟ್ಟಣವೂ ಬಿಸ್ಕತ್ತೂ ಇರತಕ್ಕದ್ದು. ಹೊರಗಿನ ತಿಂಡಿಯನ್ನು ಒಳಗೆ ಬಿಡದ ಸ್ಥಳವಾದರೆ ಕಾಯಿಲೆಯ ವಿಷಯವನ್ನು ಬಾಗಿಲಲ್ಲಿಯೇ ತಿಳಿಸಿ ಅನುಮತಿ ಪಡೆಯಲು ಸಂಕೋಚಪಡಬಾರದು.

ಯಾರನ್ನು ಕಾಯಿಸಬಾರದೆಂಬುದಕ್ಕೆ ಬಟವಾಡಿಯವರು ದೂರ ಹೋಗಿ ನಿದರ್ಶನ ಹುಡುಕಬೇಕಾದುದಿಲ್ಲ. ಸಮೀಪದ ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ದಿನವೂ ದಾಸೋಹ ನಡೆಯುವುದು. 2019ರ ಜನವರಿ 21ರಂದು ಮಧ್ಯಾಹ್ನಕ್ಕೆ ಮುನ್ನ ಶ್ರೀ ಶಿವಕುಮಾರ ಸ್ವಾಮಿಗಳು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ, ಮಕ್ಕಳ ಊಟ ಮುಗಿದ ಮೇಲೆಯೇ ಸುದ್ದಿಯನ್ನು ಪ್ರಕಟಿಸಲಾಯಿತೆಂದು ಪತ್ರಿಕೆಗಳು ವರದಿಮಾಡಿದವು. ಅಂಥ ದುಃಖದ ಸುದ್ದಿಯೂ ಮಕ್ಕಳ ಊಟಕ್ಕಾಗಿ ಕಾಯಿತು.

ಕಡೆಯದಾಗಿ ಗೃಹಸ್ಥರಲ್ಲಿ ಒಂದು ಮಾತು. ಹೊರಗಡೆ ಅರ್ಧ ಗಂಟೆ ತಡವಾದರೆ ನಾವು ವ್ಯವಸ್ಥಾಪಕನನ್ನು ಕರೆದು ಕೇಳುವೆವು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕಡೆಯ ಪಂಕ್ತಿಯಲ್ಲಿ ಒಬ್ಬಳೇ ಉಣ್ಣುವ ಗೃಹಿಣಿಯು ದಿನವೂ ಅಷ್ಟೇ ಹೊತ್ತು ಕಾಯುವಳು. ಅದನ್ನು ಯಾರೂ ಎಣಿಸುವುದಿಲ್ಲ. ವಿಹಾರದ ದಿನವಾದರೂ ಮೊದಲು ತೆರವಾದ ಆಸನಗಳಲ್ಲಿ ಹಿರಿಯರನ್ನೂ ಮಕ್ಕಳನ್ನೂ ಆಕೆಯನ್ನೂ ಕುಳ್ಳಿರಿಸಿ, ಮನೆಯ ಯಜಮಾನನು ಸಾಲಿನಲ್ಲಿ ನಿಲ್ಲಲಿ. ಆ ಪದ್ಧತಿಯು ಮರುದಿನ ಮನೆಯಲ್ಲಿಯೂ ಮುಂದುವರಿದರೆ ಪ್ರವಾಸದ ಖರ್ಚು ಸಾರ್ಥಕವಾದಂತೆಯೇ ಎಂದು ನಾವು ಭಾವಿಸುವೆವು.