ಕಾದರೆ ಸಾಲದು, ಕನ್ನಡದಲ್ಲೇ ಕೇಳಬೇಕು

‘ಕಾಂತಾರ: ಚಾಪ್ಟರ್ 1’ 2025ರ ಅಕ್ಟೋಬರ್ 2ರ ಗುರುವಾರ ತೆರೆಗೆ ಬರುತ್ತಿದೆ. ಅಂದು ಗಾಂಧಿ ಜಯಂತಿ, ವಿಜಯದಶಮಿ ಎರಡೂ ಒಟ್ಟಿಗೆ ಬಂದಿವೆ. ಹಾಗಾಗಿ ಕಾಲೇಜಿಗೆ ರಜೆ, ಊರಿಗೆ ಹೋಗಲು ನೆಪ, ಸಿನಿಮಾಕ್ಕೆ ಮುಹೂರ್ತ ಎಲ್ಲವೂ ಕೂಡಿ ಬಂದ ಹಾಗಾಗಿದೆ. ಟ್ರೇಲರ್ ಬಂದಾಗಿನಿಂದ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೋಟ್ಸ್‌ಗಿಂತ ಅದರ ಸ್ಕ್ರೀನ್‌ಶಾಟ್‌ಗಳೇ ಹೆಚ್ಚು. ಮೂರು ವರ್ಷ ಕಾದವರಿಗೆ ಇನ್ನು ಕೆಲವೇ ದಿನ.

ನಮಗಿಂತ ಹೆಚ್ಚು ಕಾತರದಿಂದ ಕಾಯುತ್ತಿರುವವಳು ನನ್ನ ದೊಡ್ಡಪ್ಪನ ಮಗಳು. ಮಾರ್ಕೋನಹಳ್ಳಿಯಲ್ಲಿ ಹುಟ್ಟಿ, ಕುಣಿಗಲ್ಲಿನಲ್ಲಿ ಪಿಯುಸಿ ಮುಗಿಸಿ, ಈಗ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಅಲ್ಲಿ ಹೊಸ ಸಿನಿಮಾಗಳು ಶುಕ್ರವಾರವಲ್ಲ, ಗುರುವಾರವೇ ತೆರೆಗೆ ಬರುತ್ತವಂತೆ. ಅಕ್ಟೋಬರ್ 3 ಅವರ ಏಕೀಕರಣ ದಿನ, ಸರ್ಕಾರಿ ರಜೆ. ಅಂದರೆ ದಿನಗಳ ಲೆಕ್ಕದಲ್ಲಿ ಅವಳಿಗೂ ಯಾವ ತೊಂದರೆಯಿಲ್ಲ. ತೊಂದರೆ ಇರುವುದು ಭಾಷೆಯಲ್ಲಿ. ಅವಳಿರುವ ಊರಿನಲ್ಲಿ ಶೋ ಇಲ್ಲ. ರೈಲಿನಲ್ಲಿ ಒಂದು ಗಂಟೆ ದೂರದ ದೊಡ್ಡ ಊರಿನಲ್ಲಿ ಇದೆ. ಆದರೆ ಈವರೆಗೆ ಬುಕಿಂಗ್ ತೆರೆದಿರುವುದು ಹಿಂದಿಯಲ್ಲಿ ಮಾತ್ರ.

‘ಕಥೆ ಅದೇ ತಾನೇ, ಹಿಂದಿಯಲ್ಲೇ ನೋಡಿಬಿಡು’ ಅಂದರಂತೆ ಜೊತೆಯವರು. ಅಕ್ಕ ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟು: ‘ಅಲ್ಲ ಕಣೋ, ಬೇರೆಯವರ ಸಿನಿಮಾ ಹಿಂದಿಯಲ್ಲಿ ನೋಡೋದು ಸರಿ. ನಮ್ದೇ ಸಿನಿಮಾನೂ ಹಿಂದಿಯಲ್ಲಿ ನೋಡಬೇಕೇನೋ?’

ಈ ಪ್ರಶ್ನೆ ಅವಳೊಬ್ಬಳದ್ದಲ್ಲ. ದುಬೈ, ಡಬ್ಲಿನ್, ಮೆಲ್ಬರ್ನ್‌ ಇರಲಿ, ಪುಣೆ, ಹೈದರಾಬಾದಿನಲ್ಲಿ ಕೆಲಸಕ್ಕಿರುವ ಕನ್ನಡಿಗರೂ ದೊಡ್ಡ ಕನ್ನಡ ಸಿನಿಮಾ ಬಂದಾಗಲೆಲ್ಲ ಇದೇ ಪ್ರಶ್ನೆ ಎದುರಿಸುತ್ತಾರೆ. ನನ್ನ ಅಭಿಪ್ರಾಯ ನೇರವಾಗಿದೆ: ಇದು ಥಿಯೇಟರಿನವರ ದ್ವೇಷವಲ್ಲ, ವಿತರಕರ ಪಿತೂರಿಯೂ ಅಲ್ಲ. ನಾವು ಕೇಳದೆ ಸುಮ್ಮನೆ ಕಾಯುತ್ತೇವೆ. ಕೇಳದವರ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಸಿನಿಮಾಕ್ಕಾಗಿ ಕಾಯುವುದು ನಮ್ಮ ಕಡೆಯವರಿಗೆ ಹೊಸದಲ್ಲ. 1975ರಲ್ಲಿ ಡಾ. ರಾಜ್‌ಕುಮಾರ್ ಅವರ ‘ಮಯೂರ’ ಬಂದಾಗ ತಾತ ಅದನ್ನು ನೋಡಿದ್ದು ಟೆಂಟಿನಲ್ಲಿ, ಅದೂ ಬೆಂಗಳೂರಿನಲ್ಲಿ ಬಿಡುಗಡೆಯಾಗಿ ತಿಂಗಳುಗಳೇ ಕಳೆದ ಮೇಲೆ. ಕದಂಬರ ಕಥೆಯ ಆ ಸಿನಿಮಾ ಬಗ್ಗೆ ತಾತ ಇವತ್ತಿಗೂ ಉತ್ಸಾಹದಿಂದ ಹೇಳುತ್ತಾರೆ. ಹೊಸ ‘ಕಾಂತಾರ’ವೂ ಕದಂಬರ ಕಾಲದ್ದೇ ಎಂದು ಹೇಳಿದಾಗ ‘ಹಂಗಾದ್ರೆ ನನ್ನೂ ಕರ್ಕೊಂಡೋಗ್ಲಾ’ ಅಂದರು.

ಆಗ ಅಷ್ಟು ದಿನ ಕಾಯಬೇಕಾಗಿದ್ದಕ್ಕೆ ಕಾರಣ ರೀಲು. ಒಂದೊಂದು ಪ್ರಿಂಟಿಗೂ ದುಬಾರಿ ಖರ್ಚು. ಹಾಗಾಗಿ ಕೆಲವೇ ಪ್ರಿಂಟು ಹಾಕಿಸಿ ಮೊದಲು ಬೆಂಗಳೂರು, ಮೈಸೂರಿನಂಥ ಎ ಸೆಂಟರುಗಳಲ್ಲಿ ಓಡಿಸುತ್ತಿದ್ದರು. ಅಲ್ಲಿ ಜನ ಕಡಿಮೆಯಾದ ಮೇಲೆ ಅದೇ ಡಬ್ಬಗಳು ಬಿ ಸೆಂಟರಿಗೆ, ಆಮೇಲೆ ಸಿ ಸೆಂಟರಿಗೆ ಬರುತ್ತಿದ್ದವು. ಟೆಂಟಿಗೆ ಬರುವಷ್ಟರಲ್ಲಿ ರೀಲಿನ ತುಂಬ ಗೀರು, ನಡುನಡುವೆ ತುಂಡು. ಹಳ್ಳಿಯವರು ನೋಡುತ್ತಿದ್ದುದು ಪಟ್ಟಣದವರು ನೋಡಿ ಬಿಟ್ಟ ಸಿನಿಮಾವನ್ನು.

ಈಗ ರೀಲಿಲ್ಲ. ಸಿನಿಮಾ ಈಗ ಒಂದು ಫೈಲ್. ಹಾರ್ಡ್‌ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ ಥಿಯೇಟರಿಗೆ ಬರುತ್ತದೆ. ಬೀಗ ಹಾಕಿರುವ ಆ ಫೈಲಿಗೆ ಒಂದು ಡಿಜಿಟಲ್ ಕೀಲಿ ಬೇರೆಯಾಗಿ ಬರುತ್ತದೆ. ಯಾವ ಪ್ರೊಜೆಕ್ಟರಿನಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ ಓಡಬೇಕು ಎನ್ನುವುದೆಲ್ಲ ಆ ಕೀಲಿಯಲ್ಲೇ ನಿಗದಿಯಾಗಿರುತ್ತದೆ. ಕುಣಿಗಲ್ಲಿಗೂ ಜರ್ಮನಿಗೂ ಫೈಲ್ ಕಳಿಸುವುದರಲ್ಲಿ ಈಗ ಅಂಥ ವ್ಯತ್ಯಾಸವಿಲ್ಲ. ಕನ್ನಡದ್ದನ್ನು ಕಳಿಸುವುದಕ್ಕೂ ಹಿಂದಿಯದ್ದನ್ನು ಕಳಿಸುವುದಕ್ಕೂ ತಾಂತ್ರಿಕವಾಗಿ ಏನೂ ವ್ಯತ್ಯಾಸವಿಲ್ಲ. ತಾತನ ಕಾಲದ ದೂರವನ್ನು ತಂತ್ರಜ್ಞಾನ ಅಳಿಸಿಹಾಕಿದೆ. ಉಳಿದಿರುವುದು ತಲೆ ಎಣಿಕೆ ಮಾತ್ರ.

ಈ ತಲೆ ಎಣಿಕೆ ಹೇಗೆ ನಡೆಯುತ್ತದೆ ಎನ್ನುವುದಕ್ಕೆ ನಮ್ಮೂರ ಅಣೆಕಟ್ಟೇ ಒಳ್ಳೆಯ ಉದಾಹರಣೆ. ಶಿಂಷಾ ನದಿಗೆ ಅಡ್ಡಲಾಗಿರುವ ಮಾರ್ಕೋನಹಳ್ಳಿ ಜಲಾಶಯ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. ಅದರ ವಿಶೇಷ ಸೈಫನ್ ವ್ಯವಸ್ಥೆ. ಹೆಚ್ಚಾದ ನೀರು ಬಿಡಲು ಯಾರೂ ಗೇಟು ಎತ್ತಬೇಕಿಲ್ಲ. ನೀರು ಒಂದು ಮಟ್ಟ ಮುಟ್ಟಿದರೆ ಸೈಫನ್ ತಾನಾಗಿಯೇ ನೀರೆಳೆದು ಹೊರಗೆ ಬಿಡುತ್ತದೆ. ಆ ಮಟ್ಟಕ್ಕೆ ಸ್ವಲ್ಪ ಕಡಿಮೆಯಿದ್ದರೂ ಅದು ಕೆಲಸ ಶುರು ಮಾಡುವುದಿಲ್ಲ. ಹೊರದೇಶದ ಕನ್ನಡ ಶೋಗಳೂ ಹೀಗೇ. ಎಷ್ಟೋ ಊರುಗಳಲ್ಲಿ ಅಲ್ಲಿನ ಕನ್ನಡ ಬಳಗದವರೇ ಒಂದು ಪರದೆಗೆ ಮಾತಾಡಿ, ಇಷ್ಟು ಟಿಕೆಟ್ ಹೋಗುತ್ತವೆ ಎಂದು ಒಪ್ಪಿಕೊಂಡು, ಒಂದೇ ಒಂದು ಶೋ ಹಾಕಿಸುತ್ತಾರೆ. ಅಷ್ಟು ಜನ ಸೇರಿದರೆ ಮುಂದಿನ ವಾರ ಇನ್ನೊಂದು ಶೋ. ನಾಲ್ಕು ಜನ ಕಡಿಮೆಯಾದರೆ ಮುಂದಿನ ಸಿನಿಮಾಕ್ಕೆ ಆ ಒಂದು ಶೋ ಕೂಡ ಸಿಗುವುದಿಲ್ಲ.

ಕೇಳಿದರೆ ಸಿಗುತ್ತದೆ ಎನ್ನುವುದಕ್ಕೂ ಉದಾಹರಣೆಗಳಿವೆ. 2015ರಲ್ಲಿ ಹೊಸಬರೇ ಸೇರಿ ಮಾಡಿದ ‘ರಂಗಿತರಂಗ’ ಅಮೆರಿಕದಲ್ಲಿ ಕನ್ನಡದಲ್ಲೇ ವಾರಗಟ್ಟಲೆ ಓಡಿತು. ಮೊದಲ ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಬಂದಾಗ ಕನ್ನಡದಲ್ಲಿ ಮಾತ್ರ ಇತ್ತು. ನೋಡಿದವರು ಇನ್ನೊಬ್ಬರಿಗೆ ಹೇಳಿ, ಭಾಷೆ ಬಾರದವರೂ ಸಬ್‌ಟೈಟಲ್ ಓದುತ್ತಾ ನೋಡಿ, ನಮ್ಮ ಭಾಷೆಗೂ ಬೇಕು ಎಂದು ಕೇಳಿದ್ದರಿಂದ ಎರಡು ವಾರದ ಮೇಲೆ, ಅಕ್ಟೋಬರ್ 14ರಂದು, ಹಿಂದಿಯಲ್ಲಿ ಬಂತು. ಹಿಂದೆಯೇ ತೆಲುಗು, ತಮಿಳು, ಮಲಯಾಳ. ಬೇರೆಯವರು ಕೇಳಿ ತಮ್ಮ ಭಾಷೆಯಲ್ಲಿ ಪಡೆದರು. ಈ ಸಲ ಏಳು ಭಾಷೆಗಳಲ್ಲಿ ಬರುತ್ತಿರುವಾಗ, ಮೂಲ ಭಾಷೆಯವರು ನಾವು ಕೇಳದೆ ಕೂತರೆ ತಪ್ಪು ಯಾರದ್ದು?

ಕರ್ನಾಟಕದ ಒಳಗೂ ಇದೇ ಕಥೆ. 2022ರ ಮಾರ್ಚಿನಲ್ಲಿ ‘ಆರ್‌ಆರ್‌ಆರ್’ ಕನ್ನಡಕ್ಕೂ ಡಬ್ ಆಗಿ ಬಂತು. ಆದರೆ ಬೆಂಗಳೂರಿನಲ್ಲೇ ಕನ್ನಡದ ಶೋಗಳು ಬೆರಳೆಣಿಕೆಯಷ್ಟು ಎಂಬ ಸಿಟ್ಟು ಜಾಲತಾಣಗಳಲ್ಲಿ ಹೊತ್ತಿಕೊಂಡಿತು. ಆ ಸಿಟ್ಟು ಸರಿಯಾದದ್ದೇ. ಆದರೆ ಹ್ಯಾಶ್‌ಟ್ಯಾಗ್ ಹಾಕಿದವರಲ್ಲಿ ಎಷ್ಟು ಜನ ಕನ್ನಡದ ಶೋ ಹುಡುಕಿಕೊಂಡು ಹೋಗಿ ಟಿಕೆಟ್ ಕೊಂಡರು? ಥಿಯೇಟರಿನವರು ಹ್ಯಾಶ್‌ಟ್ಯಾಗ್ ಎಣಿಸುವುದಿಲ್ಲ, ತುಂಬಿದ ಸೀಟು ಎಣಿಸುತ್ತಾರೆ.

‘ಸಿನಿಮಾಕ್ಕೆ ಭಾಷೆ ಇಲ್ಲ, ಯಾವುದರಲ್ಲಿ ನೋಡಿದರೇನು?’ ಎಂದು ನನ್ನ ಗೆಳೆಯರೇ ವಾದಿಸುತ್ತಾರೆ. ಬರೀ ಫೈಟು, ಗ್ರಾಫಿಕ್ಸ್ ನೋಡುವುದಾದರೆ ಆ ಮಾತು ಒಪ್ಪಬಹುದು. ಆದರೆ ದೈವ, ಕಾಡು, ಕೋಲದ ಕಥೆ ನಿಂತಿರುವುದೇ ಮಾತಿನ ಮೇಲೆ. ಮೊದಲ ‘ಕಾಂತಾರ’ದ ಕರಾವಳಿ ಕನ್ನಡ ತುಮಕೂರಿನ ನಮಗೇ ಮೊದಲ ಹತ್ತು ನಿಮಿಷ ಅರ್ಧಂಬರ್ಧ ಅರ್ಥವಾಗಿತ್ತು. ಆಮೇಲೆ ಕಿವಿ ಹೊಂದಿಕೊಂಡಿತು. ಇಂಟರ್‌ವಲ್ಲಿನಲ್ಲಿ ನಾವೂ ‘ಎಂಥದು ಮಾರಾಯ’ ಅನ್ನುತ್ತಿದ್ದೆವು. ನಮ್ಮದೇ ಭಾಷೆಯ ಇನ್ನೊಂದು ಬಗೆಯನ್ನು ಪಠ್ಯಪುಸ್ತಕವಿಲ್ಲದೆ ಕಲಿತೆವು. ಡಬ್ ಆದ ಪ್ರತಿಯಲ್ಲಿ ಮೊದಲು ಹೋಗುವುದು ಇಂಥದ್ದೇ.

ಹಾಗೆಂದು ಡಬ್ಬಿಂಗ್ ಬೇಡ ಎನ್ನುವವನು ನಾನಲ್ಲ. 2017ರಲ್ಲಿ ‘ಬಾಹುಬಲಿ 2’ ಬಂದಾಗ ನನಗೆ ಹನ್ನೆರಡು ವರ್ಷ. ಕರ್ನಾಟಕದಲ್ಲಿ ತೆಲುಗು, ತಮಿಳು, ಹಿಂದಿ ಎಲ್ಲದರಲ್ಲೂ ಇದ್ದ ಆ ಸಿನಿಮಾ ಕನ್ನಡದಲ್ಲಿ ಇರಲಿಲ್ಲ. ಆನೆ, ಕೋಟೆ, ಕತ್ತಿವರಸೆ ನೋಡಿ ಬಾಯಿ ತೆರೆದು ಕೂತಿದ್ದೆ, ಮಾತು ಮಾತ್ರ ಪಕ್ಕದ ಸೀಟಿನ ಅಣ್ಣ ಹೇಳಿದಷ್ಟೇ ಅರ್ಥವಾಗಿದ್ದು. ಡಬ್ಬಿಂಗ್ ತಡೆಯುವುದು ಸ್ಪರ್ಧೆಯ ನಿಯಮಕ್ಕೆ ವಿರುದ್ಧ ಎಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿದ್ದರೂ, ನಾನು ಆ ಸಿನಿಮಾ ನೋಡುವ ಹೊತ್ತಿಗೆ ಅದರ ಫಲ ನಮ್ಮಂಥ ಮಕ್ಕಳಿಗೆ ಮುಟ್ಟಿರಲಿಲ್ಲ. ನಮ್ಮ ಸಿನಿಮಾ ಏಳು ಭಾಷೆಗೆ ಹೋಗಲಿ, ಬೇರೆಯವರದ್ದು ಕನ್ನಡಕ್ಕೆ ಬರುವುದು ಬೇಡ ಎನ್ನುವುದು ನ್ಯಾಯವಲ್ಲ. ಹಿಂದಿಯವರು ‘ಕಾಂತಾರ’ವನ್ನು ಹಿಂದಿಯಲ್ಲಿ ನೋಡಲಿ. ಕನ್ನಡಿಗರಿಗೆ ಕನ್ನಡದ್ದು ಸಿಗಲಿ, ಎಲ್ಲೇ ಇದ್ದರೂ ಸಿಗಲಿ. ಕೇಳುತ್ತಿರುವುದು ಇಷ್ಟೇ.

ಅಕ್ಕ ಇರುವ ದೇಶದಲ್ಲಿ ಇದನ್ನು ಯಾರೂ ದುರಭಿಮಾನ ಎನ್ನುವುದಿಲ್ಲ. ಹಾಲಿವುಡ್ಡಿನ ಎಷ್ಟೇ ದೊಡ್ಡ ಸಿನಿಮಾ ಇರಲಿ, ಜರ್ಮನಿಯ ಹೆಚ್ಚಿನ ಥಿಯೇಟರುಗಳಲ್ಲಿ ಅದು ಜರ್ಮನ್ ಮಾತಾಡುತ್ತದೆ. ಮೂಲ ಭಾಷೆಯಲ್ಲಿ ನೋಡಬೇಕೆನ್ನುವವರಿಗೆ ಬೇರೆ ಶೋ, ವೇಳಾಪಟ್ಟಿಯಲ್ಲಿ ಅದಕ್ಕೊಂದು ಗುರುತು. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ತಮ್ಮ ಭಾಷೆಯಲ್ಲಿ ಬೇಕು ಎಂದು ದುಡ್ಡು ಕೊಟ್ಟು ನೋಡುತ್ತಾರೆ, ಅದಕ್ಕೇ ಆ ವ್ಯವಸ್ಥೆ ಉಳಿದಿದೆ. ಅಲ್ಲಿಂದ ನಾವು ಕಾರು, ಯಂತ್ರಗಳ ಬಗ್ಗೆ ಕಲಿಯುವುದರ ಜೊತೆಗೆ ಇದನ್ನೂ ಕಲಿಯಬಹುದು.

ಕಾಯುವವರಿಗೆ ಇಲ್ಲಿರುವ ನಾವು ಮಾಡುವ ಅನ್ಯಾಯವೂ ಒಂದಿದೆ. ಮೊದಲ ಶೋ ಮುಗಿಯುವ ಮೊದಲೇ ಕ್ಲೈಮ್ಯಾಕ್ಸಿನ ಮೂವತ್ತು ಸೆಕೆಂಡು ಸ್ಟೇಟಸ್ಸಿಗೆ ಹಾಕುವುದು. ಸಂಜೆಗೆ ಟೆಲಿಗ್ರಾಂ ಲಿಂಕ್ ಹಂಚುವುದು. ‘ಅಲ್ಲಿ ಥಿಯೇಟರ್ ಇಲ್ವಲ್ಲ ಪಾಪ’ ಎಂದು ಹೊರದೇಶದ ಗೆಳೆಯರಿಗೆ ಲಿಂಕ್ ಕಳಿಸುವವರು ಉಪಕಾರ ಮಾಡುತ್ತಿಲ್ಲ. ಕದ್ದ ಪ್ರತಿ ನೋಡಿದ ಒಬ್ಬೊಬ್ಬರೂ ಆ ಊರಿನ ಕನ್ನಡ ಶೋದ ಲೆಕ್ಕದಿಂದ ಕಳೆದುಹೋಗುತ್ತಾರೆ. ‘ನಾನು ನೋಡೋ ತನಕ ನಿನ್ನ ಸ್ಟೇಟಸ್ ಮ್ಯೂಟ್ ಮಾಡಿರ್ತೀನಿ’ ಎಂದು ಅಕ್ಕ ಈಗಲೇ ಎಚ್ಚರಿಕೆ ಕೊಟ್ಟಿದ್ದಾಳೆ.

ದುಡ್ಡಿನ ಮಾತೂ ನಿಜ. ಟಿಕೆಟ್ ದರ 200 ರೂಪಾಯಿ ಮೀರಬಾರದೆಂದು ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಆದೇಶ ಹೊರಡಿಸಿತು. ಅದಕ್ಕೆ ಹೈಕೋರ್ಟ್ ಅದೇ ತಿಂಗಳು ಮಧ್ಯಂತರ ತಡೆ ನೀಡಿತು. ಜರ್ಮನಿಯಲ್ಲಿ ಟಿಕೆಟ್ಟಿಗೆ ಹದಿನೈದು ಯೂರೋ ಎಂದರೂ ನಮ್ಮ ಲೆಕ್ಕದಲ್ಲಿ ಸಾವಿರದ ಐನೂರು ದಾಟುತ್ತದೆ, ಮೇಲೆ ರೈಲಿನ ಓಡಾಟ. ಪಾರ್ಟ್‌ಟೈಮ್ ಕೆಲಸ ಮಾಡಿ ಓದುವವರಿಗೆ ಅದು ಸಣ್ಣ ಮೊತ್ತವಲ್ಲ. ಅಷ್ಟು ಖರ್ಚು ಮಾಡುವವಳು ತನ್ನ ಭಾಷೆಯಲ್ಲಿ ಕೇಳುವುದು ಅತಿಯಾಸೆಯೇನೂ ಅಲ್ಲವಲ್ಲ?

ಹಾಗಾದರೆ ಏನು ಮಾಡಬಹುದು? ಮೊದಲನೆಯದು, ಬಿಡುಗಡೆಗೆ ಮುಂಚೆಯೇ ಕೇಳುವುದು. ಜರ್ಮನಿಯಲ್ಲಿ ಗುರುವಾರದಿಂದ ಶುರುವಾಗುವ ವಾರದ ಪಟ್ಟಿಯನ್ನು ಥಿಯೇಟರುಗಳು ಆ ವಾರದ ಆರಂಭದಲ್ಲೇ ಅಂತಿಮ ಮಾಡುತ್ತವೆ. ಶುಕ್ರವಾರ ಬೇಸರಪಟ್ಟುಕೊಳ್ಳುವ ಬದಲು ಹಿಂದಿನ ವಾರವೇ ಹತ್ತು ಜನ ಸೇರಿ ಮೇಲ್ ಹಾಕಬೇಕು. ಅಕ್ಕ ಮತ್ತವಳ ಗೆಳತಿಯರು ಮೊನ್ನೆ ಅದನ್ನೇ ಮಾಡಿದ್ದಾರೆ. ಒಂದು ಶೀಟಿನಲ್ಲಿ ಹೆಸರು ಬರೆಸಿಕೊಂಡು, ಕನ್ನಡದ್ದು ಹಾಕಿದರೆ ಇಷ್ಟು ಜನ ಖಂಡಿತ ಬರುತ್ತೇವೆ ಎಂದು ಥಿಯೇಟರಿಗೂ ವಿತರಕರಿಗೂ ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಎರಡನೆಯದು, ಕನ್ನಡದ ಶೋ ಸಿಕ್ಕಿದರೆ ಕನ್ನಡ ಬಾರದ ಗೆಳೆಯರನ್ನೂ ಸಬ್‌ಟೈಟಲ್ ನಂಬಿಸಿ ಕರೆದುಕೊಂಡು ಹೋಗುವುದು. ಮೂರನೆಯದು, ದೊಡ್ಡ ಸಿನಿಮಾಕ್ಕೆ ಕೂಗಾಡಿ ಸಣ್ಣ ಸಿನಿಮಾಕ್ಕೆ ಮಲಗದಿರುವುದು. ವರ್ಷಕ್ಕೊಮ್ಮೆ ಹಬ್ಬ ಮಾಡುವವರನ್ನು ಯಾವ ಥಿಯೇಟರಿನವರೂ ಕಾಯಂ ಗಿರಾಕಿ ಎಂದು ನೋಡುವುದಿಲ್ಲ.

ನಿರ್ಮಾಪಕರಿಗೂ ವಿತರಕರಿಗೂ ಒಂದು ಮನವಿ. ಏಳು ಭಾಷೆಯ ಪೋಸ್ಟರ್ ಚೆನ್ನಾಗಿದೆ. ಅದರ ಜೊತೆಗೆ ಯಾವ ದೇಶದ ಯಾವ ಊರಿನಲ್ಲಿ ಕನ್ನಡದ್ದು ಓಡುತ್ತದೆ ಎನ್ನುವ ಪಟ್ಟಿಯನ್ನು ಒಂದು ವಾರ ಮೊದಲೇ ಹಾಕಿ. ಯಾವ ಊರು ಬಿಟ್ಟುಹೋಗಿದೆ ಎಂದು ಗೊತ್ತಾದರೆ ಅಲ್ಲಿನವರು ತಾವೇ ಜನ ಸೇರಿಸುತ್ತಾರೆ. ನಮ್ಮೂರಿನಲ್ಲಿ ಥಿಯೇಟರ್ ಇಲ್ಲ, ನಾವು ಕುಣಿಗಲ್ಲಿಗೋ ತುಮಕೂರಿಗೋ ಬಸ್ ಹತ್ತಬೇಕು. ಹತ್ತುತ್ತೇವೆ. ತಾತನನ್ನೂ ಕರೆದುಕೊಂಡು ಹೋಗುತ್ತೇನೆ. ಅಕ್ಕನೂ ರೈಲು ಹತ್ತಲು ಸಿದ್ಧಳಿದ್ದಾಳೆ. ಇಳಿದ ಮೇಲೆ ಅವಳಿಗೆ ಕನ್ನಡ ಕೇಳಿಸಬೇಕು, ಅಷ್ಟೇ.

– ಬಿ.ಇ. 5ನೇ ಸೆಮಿಸ್ಟರ್ ವಿದ್ಯಾರ್ಥಿ, ಮಾರ್ಕೋನಹಳ್ಳಿ, ಕುಣಿಗಲ್ ತಾಲ್ಲೂಕು