ಕೊನೆಯ ಸಾಲಿನ ಸೀಟಿಗೆ ಎಷ್ಟು ಸ್ಟಾರ್?

ನಾಲ್ಕು, ನಾಲ್ಕೂಕಾಲು ಮೀಟರು ಉದ್ದದ ಏಳು ಸೀಟಿನ ಕಾರಿನ ಹಿಂಬಾಗಿಲು ತೆಗೆದು ಒಮ್ಮೆ ಕೈಯಿಟ್ಟು ಅಳೆಯಬೇಕು. ಕೊನೆಯ ಸಾಲಿನ ತಲೆಯಾನಿಕೆಗೂ ಹಿಂದಿನ ಗಾಜಿಗೂ ನಡುವೆ ಸಿಗುವುದು ಒಂದು ಗೇಣು, ಹೆಚ್ಚೆಂದರೆ ಒಂದೂವರೆ. ಸಿಗ್ನಲ್‌ನಲ್ಲೋ ಟೋಲ್‌ನಲ್ಲೋ ನಿಂತಾಗ ಹಿಂದಿನಿಂದ ಲಾರಿ ಬಂದು ಗುದ್ದಿದರೆ ಆ ಪೆಟ್ಟು ತಿನ್ನಲು ಇರುವ ಜಾಗ ಅಷ್ಟೇ. ಇನ್ನು ಅಲ್ಲಿ ಕೂರುವವರು ಯಾರು? ಮಕ್ಕಳು. ಕಾಲು ಮಡಚಿ, ಮೈ ಹಿಡಿಮಾಡಿ ಕೂರಲು ಅವರಿಗೇ ಸುಲಭ ಎಂದು ಅಲ್ಲಿಗೆ ಹತ್ತಿಸುತ್ತೇವೆ. ಮನೆಯಲ್ಲಿ ಯಾರನ್ನು ಹೆಚ್ಚು ಜೋಪಾನ ಮಾಡುತ್ತೇವೋ ಅವರಿಗೇ ಕಾರಿನಲ್ಲಿ ಅತಿ ಕಡಿಮೆ ರಕ್ಷಣೆಯ ಸೀಟು ಕೊಡುತ್ತಿದ್ದೇವೆ. ಕುಟುಂಬಕ್ಕೆಂದು ಎಸ್‌ಯುವಿ ಕೊಳ್ಳುವವರು ಸೀಟುಗಳನ್ನು ಎಣಿಸುವ ಮೊದಲು ಪ್ರತಿ ಸೀಟನ್ನೂ ತೂಗಿ ನೋಡಬೇಕು, ಅದಕ್ಕಾಗಿ ಜಾಗ ಬಿಟ್ಟುಕೊಡಬೇಕಾದರೆ ಬಿಟ್ಟುಕೊಡಬೇಕು ಎಂಬುದು ನನ್ನ ವಾದ.

ಹತ್ತು ವರ್ಷಗಳಲ್ಲಿ ನಮ್ಮ ಕಾರುಗಳು ಬದಲಾಗಿವೆ, ಅದನ್ನು ಒಪ್ಪಲೇಬೇಕು. 2014ರಲ್ಲಿ, ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗೋಡೆಗೆ ಗುದ್ದಿಸಿದಾಗ ಐದಕ್ಕೂ ಸೊನ್ನೆ ಸ್ಟಾರ್ ಬಂದಿತ್ತು. 2018ರ ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್ ಐದು ಸ್ಟಾರ್ ಪಡೆದ ಮೊದಲ ಭಾರತೀಯ ಕಾರಾಯಿತು. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಬಂದಿದೆ. ಈಗ ಜಾಹೀರಾತಿನಲ್ಲಿ ಮೈಲೇಜಿನ ಪಕ್ಕದಲ್ಲಿ ಸ್ಟಾರ್ ಕೂಡ ಕೂತಿದೆ. ಆದರೆ ಆ ಸ್ಟಾರ್ ಯಾವ ಪ್ರಶ್ನೆಗೆ ಸಿಕ್ಕ ಉತ್ತರ ಎಂಬುದನ್ನು ಕೊಳ್ಳುವವರು ಕೇಳುವುದು ಕಡಿಮೆ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಕಾರಿನ ಮುಂಭಾಗದ ಶೇ 40ರಷ್ಟು ಅಗಲವನ್ನು ತಡೆಗೋಡೆಗೆ ಗುದ್ದಿಸುತ್ತಾರೆ. ಬದಿಯಿಂದ 50 ಕಿ.ಮೀ. ವೇಗದ ಪೆಟ್ಟು ಕೊಡುತ್ತಾರೆ. ಮುಂದಿನ ಎರಡು ಸೀಟಿನಲ್ಲಿ ದೊಡ್ಡವರ ಬೊಂಬೆಗಳಿರುತ್ತವೆ. ಎರಡನೇ ಸಾಲಿನಲ್ಲಿ ಹದಿನೆಂಟು ತಿಂಗಳ ಮತ್ತು ಮೂರು ವರ್ಷದ ಮಕ್ಕಳ ಬೊಂಬೆಗಳು, ಅವೂ ಮಕ್ಕಳ ಸೀಟಿನಲ್ಲಿ ಬಿಗಿಯಾಗಿ ಕಟ್ಟಿಸಿಕೊಂಡು. ಮೂರನೇ ಸಾಲಿನಲ್ಲಿ ಬೊಂಬೆ ಇರುವುದಿಲ್ಲ. ಹಿಂದಿನಿಂದ ಗುದ್ದುವ ಪರೀಕ್ಷೆ ಈಗಿನ ಸ್ಟಾರ್ ಲೆಕ್ಕದಲ್ಲಿಲ್ಲ. ಐದು ಸ್ಟಾರಿನ ಏಳು ಸೀಟಿನ ಗಾಡಿ ಎಂದರೆ ಏಳೂ ಸೀಟಿಗೆ ಐದು ಸ್ಟಾರ್ ಎಂದು ಅರ್ಥ ಮಾಡಿಕೊಳ್ಳುವುದು ತಪ್ಪು. ಒಂದೇ ಗಾಡಿಯಲ್ಲಿ ದೊಡ್ಡವರಿಗೊಂದು, ಮಕ್ಕಳಿಗೊಂದು ಅಂಕ ಬರುವುದೂ ಉಂಟು. ಮಹೀಂದ್ರಾ ಸ್ಕಾರ್ಪಿಯೊ-ಎನ್‌ಗೆ 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ದೊಡ್ಡವರ ರಕ್ಷಣೆಗೆ ಐದು, ಮಕ್ಕಳ ರಕ್ಷಣೆಗೆ ಮೂರು ಸ್ಟಾರ್ ಕೊಟ್ಟಿತ್ತು. ಮರುವರ್ಷ ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿ ಸ್ಕಾರ್ಪಿಯೊಗೆ ಸೊನ್ನೆ ಬಂತು. ಅಪಘಾತವನ್ನೇ ತಪ್ಪಿಸುವ ತಂತ್ರಜ್ಞಾನಕ್ಕೆ ಅಲ್ಲಿ ಹೆಚ್ಚು ಅಂಕ; ಪ್ರಶ್ನೆ ಬದಲಾದರೆ ಉತ್ತರವೂ ಬದಲಾಗುತ್ತದೆ.

ಹಿಂದೆ ಕೂತವರಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಬಳಿಯ ಸೇತುವೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದನ್ನು ನೆನೆಯಬೇಕು. ದುಬಾರಿ ಜರ್ಮನ್ ಎಸ್‌ಯುವಿ, ಏರ್‌ಬ್ಯಾಗ್‌ಗಳಿಗೆ ಕೊರತೆಯಿರಲಿಲ್ಲ. ಮುಂದಿನ ಇಬ್ಬರು ಬದುಕಿದರು, ಬೆಲ್ಟ್ ಹಾಕದೆ ಹಿಂದೆ ಕೂತ ಇಬ್ಬರೂ ಉಳಿಯಲಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ ಅದೇ ವರ್ಷ ಸೀಟ್ ಬೆಲ್ಟ್ ಹಾಕದೆ ಸತ್ತವರು 16,715 ಜನ. ಅವರಲ್ಲಿ 8,331 ಮಂದಿ ಪ್ರಯಾಣಿಕರು. ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದುವುದೆಂದರೆ ಐದನೇ ಮಹಡಿಯಿಂದ ನೆಲಕ್ಕೆ ಬಿದ್ದಂತೆ. ಮಗುವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ ಎನ್ನುವ ತಾಯಿಯ ತೋಳಿಗೆ, 50 ಕಿ.ಮೀ. ವೇಗದ ಕಾರು ಅರ್ಧ ಮೀಟರಿನಲ್ಲಿ ನಿಂತಾಗ, ಹತ್ತು ಕೆ.ಜಿ.ಯ ಆ ಮಗು ಇನ್ನೂರು ಕೆ.ಜಿ.ಯಷ್ಟು ಭಾರವಾಗುತ್ತದೆ. ಯಾವ ತೋಳೂ ಅದನ್ನು ತಡೆಯಲಾರದು. ಐದು ಸೀಟಿಗೆ ಆರೇಳು ಜನ ಒತ್ತಿಕೊಂಡು ಕೂತರೆ ಬೆಲ್ಟ್ ಸಿಗದೆ ಉಳಿಯುವುದೂ ಹೀಗೆ ತೊಡೆ ಸೇರುವ ಮಗುವೇ.

ಸುರಕ್ಷತೆ ದುಡ್ಡಿದ್ದವರ ಮಾತು ಎಂಬ ಆಕ್ಷೇಪ ಬರುತ್ತದೆ. ಹತ್ತು ವರ್ಷದ ಹಿಂದೆ ಅದು ನಿಜವಾಗಿತ್ತು, ಈಗ ಅಲ್ಲ. 2024ರ ನವೆಂಬರ್‌ನಲ್ಲಿ 6.79 ಲಕ್ಷ ರೂಪಾಯಿಯ ಆರಂಭಿಕ ಬೆಲೆಗೆ ಬಂದ ಮಾರುತಿ ಡಿಜೈರ್ ಐದು ಸ್ಟಾರ್ ಪಡೆಯಿತು. ಅದು ಎಸ್‌ಯುವಿಯೇ ಅಲ್ಲ. ಸಣ್ಣ ಎಸ್‌ಯುವಿಯೇ ಬೇಕೆಂದರೆ 7.89 ಲಕ್ಷದಿಂದ ಶುರುವಾದ ಸ್ಕೋಡಾ ಕೈಲಾಕ್‌ಗೂ ಐದು ಸ್ಟಾರ್ ಇದೆ. ಕರ್ನಾಟಕದಲ್ಲಿ ಲೆಕ್ಕ ಇನ್ನೂ ಸ್ಪಷ್ಟ. ಇಲ್ಲಿ ಕಾರಿನ ಬೆಲೆ ಹತ್ತು ಲಕ್ಷ ದಾಟಿದರೆ ಜೀವಾವಧಿ ತೆರಿಗೆ ಶೇ 14ರಿಂದ ಶೇ 17ಕ್ಕೆ ಏರುತ್ತದೆ, ಅದರ ಮೇಲೆ ಸೆಸ್ ಬೇರೆ. ಒಂಬತ್ತೂವರೆ ಲಕ್ಷದ ಐದು ಸೀಟಿನ ಕಾರನ್ನು ಬಿಟ್ಟು ಹನ್ನೊಂದು ಲಕ್ಷದ ಏಳು ಸೀಟಿನದಕ್ಕೆ ಹೋದರೆ ಬೆಲೆ, ತೆರಿಗೆ ಸೇರಿ ಎರಡು ಲಕ್ಷ ಹೆಚ್ಚು ತೆರಬೇಕು. ಅಷ್ಟು ದುಡ್ಡಿನಲ್ಲಿ ಎರಡು ಒಳ್ಳೆಯ ಮಕ್ಕಳ ಸೀಟು ಬರುತ್ತದೆ, ವರ್ಷಕ್ಕೆ ಮೂರ್ನಾಲ್ಕು ಸಲ ಧರ್ಮಸ್ಥಳಕ್ಕೋ ನೆಂಟರ ಮದುವೆಗೋ ದೊಡ್ಡ ಗಾಡಿ ಬಾಡಿಗೆಗೆ ತರಲು ಹಲವು ವರ್ಷಕ್ಕಾಗುವಷ್ಟು ಉಳಿಯುತ್ತದೆ. ಉಳಿದ ದಿನಗಳಲ್ಲಿ ಆ ಮೂರನೇ ಸಾಲು ಮಡಚಿಕೊಂಡೇ ಇರುತ್ತದೆ.

ಅಜ್ಜ ಅಜ್ಜಿ ಸೇರಿ ಏಳು ಜನ ದಿನವೂ ಜೊತೆಗೆ ಓಡಾಡುವ ಮನೆಗಳಿಲ್ಲವೇ? ಇವೆ, ಅವರಿಗೆ ಐದು ಸೀಟು ಸಾಲದು. ಅಂಥವರು ಸನ್‌ರೂಫ್, ದೊಡ್ಡ ಪರದೆಗೆ ಹಾಕುವ ದುಡ್ಡನ್ನು ಉದ್ದದ ಗಾಡಿಗೆ ಹಾಕಲಿ. ಬದಿಯ ಕಿಟಕಿಗಳಿಗೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಕೊನೆಯ ಸಾಲಿನವರೆಗೂ ಚಾಚಿದೆಯೇ ಎಂದು ಕೇಳಲಿ. ಇನ್ನೊಂದು ಆಕ್ಷೇಪಕ್ಕೆ ಉತ್ತರಿಸುವುದು ಕಷ್ಟ. 2024ರ ಡಿಸೆಂಬರ್‌ನಲ್ಲಿ ನೆಲಮಂಗಲದ ಬಳಿ ಕಂಟೇನರ್ ಲಾರಿಯೊಂದು ವೋಲ್ವೊ ಎಸ್‌ಯುವಿಯ ಮೇಲೆ ಮಗುಚಿ ಒಂದೇ ಕುಟುಂಬದ ಆರು ಜನ ಸತ್ತರು. ಜಗತ್ತಿನ ಅತಿ ಸುರಕ್ಷಿತ ಕಾರುಗಳಲ್ಲಿ ಒಂದೆಂದು ಹೆಸರಾದದ್ದೇ ಉಳಿಸಲಿಲ್ಲವಲ್ಲ, ಸ್ಟಾರ್ ನೋಡಿ ಏನು ಪ್ರಯೋಜನ ಎಂದು ಅಂದು ಅನೇಕರು ಕೇಳಿದರು. ಆ ನೋವಿನ ಮುಂದೆ ಯಾವ ವಾದವೂ ಸಣ್ಣದೇ. ಲಾರಿಯ ಭಾರ, ರಸ್ತೆಯ ವಿನ್ಯಾಸ, ವೇಗದ ನಿಯಂತ್ರಣ ಸರ್ಕಾರದ ಹೊಣೆ, ಅದನ್ನು ಕಾರು ಕೊಳ್ಳುವವರ ತಲೆಗೆ ಕಟ್ಟಬಾರದು. ಆದರೆ ಮುಖಾಮುಖಿ ಡಿಕ್ಕಿ, ಡಿವೈಡರಿಗೆ ಗುದ್ದುವುದು, ಅಡ್ಡರಸ್ತೆಯಿಂದ ಬಂದ ವಾಹನದ ಪೆಟ್ಟು ನಮ್ಮ ರಸ್ತೆಗಳ ನಿತ್ಯದ ಕಥೆ. ಗಟ್ಟಿ ಚೌಕಟ್ಟು, ಏರ್‌ಬ್ಯಾಗ್, ಬೆಲ್ಟ್ ಜೀವ ಉಳಿಸುವುದು ಅಲ್ಲಿಯೇ.

ಭಾರತ್ ಎನ್‌ಕ್ಯಾಪ್ ಮೂರನೇ ಸಾಲಿಗೂ ಬೊಂಬೆ ಕೂರಿಸಿ, ಸಾಲುವಾರು ಅಂಕ ಪ್ರಕಟಿಸಬೇಕು. ಅಲ್ಲಿಯವರೆಗೆ ಈ ಕೆಲಸ ಕೊಳ್ಳುವವರದೇ. ಶೋರೂಮಿಗೆ ಮಕ್ಕಳನ್ನೂ ಅಜ್ಜಿಯನ್ನೂ ಕರೆದೊಯ್ದು, ದಿನವೂ ಕೂರುವ ಜಾಗದಲ್ಲೇ ಒಬ್ಬೊಬ್ಬರನ್ನೂ ಕೂರಿಸಿ ಬೆಲ್ಟ್ ಹಾಕಿಸಬೇಕು. ಭುಜದ ಪಟ್ಟಿ ಮಗುವಿನ ಕುತ್ತಿಗೆಗೆ ಉಜ್ಜುತ್ತದೆಯೇ, ತಲೆಯಾನಿಕೆ ಅಜ್ಜಿಯ ತಲೆಯ ಮಟ್ಟಕ್ಕೆ ಬರುತ್ತದೆಯೇ, ಮಕ್ಕಳ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಕೈಗೆ ಸಿಗುತ್ತದೆಯೇ ಎಂದು ನೋಡಬೇಕು. ಬುಕಿಂಗ್ ಮುಂಗಡ ಕೊಡುವುದು ಅದಾದ ಮೇಲೆ.