ಪ್ರವೇಶ ದೊರೆತರೆ ಪದವಿ ದೊರೆತಂತೆಯೆ?

ಕಾಲೇಜಿನ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬ ಮಾತಿಗೆ ಇಂದು ಎದುರಾಡುವವರು ವಿರಳ. ಆದರೆ ಅದು ಎಲ್ಲರಿಗೂ ಸಮನಾಗಿ ತೆರೆದಿಲ್ಲವೆಂಬುದೂ ನಿಜ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ, 18ರಿಂದ 23 ವರ್ಷ ವಯಸ್ಸಿನವರ ಸಂಖ್ಯೆಗೆ ಹೋಲಿಸಿದಾಗ ಉನ್ನತ ಶಿಕ್ಷಣದ ದಾಖಲಾತಿ ನೂರಕ್ಕೆ 28.4ರಷ್ಟಿತ್ತು; ಪರಿಶಿಷ್ಟ ಜಾತಿಗಳಲ್ಲಿ 25.9, ಪರಿಶಿಷ್ಟ ಪಂಗಡಗಳಲ್ಲಿ 21.2. ಈ ಅಂಕಿಗಳು ಒಳಗೆ ಬಂದವರನ್ನು ಎಣಿಸುತ್ತವೆಯೇ ಹೊರತು ಪದವಿ ಪಡೆದು ಹೊರಬಿದ್ದವರನ್ನಲ್ಲ. ಒಳಗೆ ಬಂದ ಮೇಲೆ ಕೆಲವರು ಹಿಂದೆ ಬೀಳುವುದೇಕೆ? ಈ ಪ್ರಶ್ನೆಯನ್ನು ವಿಜ್ಞಾನದ ರೀತಿಯಲ್ಲಿ ಪರೀಕ್ಷಿಸಿದ ಪ್ರಸಂಗವೊಂದನ್ನು ವಾಚಕರ ಮುಂದಿಡಲು ಬಯಸುತ್ತೇವೆ.

1970ರ ದಶಕ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಕಪ್ಪುವರ್ಣೀಯ ವಿದ್ಯಾರ್ಥಿಗಳು ಕಲನಶಾಸ್ತ್ರದಲ್ಲಿ ಬಹುವಾಗಿ ಸೋಲುತ್ತಿದ್ದರು. ಅದರಲ್ಲಿ ತೇರ್ಗಡೆಯಾಗದವರಿಗೆ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪದವಿಗಳ ದಾರಿಯೇ ಮುಚ್ಚಿದಂತೆ. ಆಗ ಅಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಯೂರಿ ಟ್ರೈಸ್‌ಮನ್ ಇದಕ್ಕೆ ಕಾರಣವೇನೆಂದು ಅಧ್ಯಾಪಕರನ್ನು ವಿಚಾರಿಸಿದರು. ಉತ್ಸಾಹದ ಕೊರತೆ, ಶಾಲೆಯಲ್ಲಿ ಸಾಲದ ತಯಾರಿ, ಮನೆಯವರ ಉದಾಸೀನ, ಬಡತನ ಎಂಬ ಉತ್ತರಗಳು ಬಂದವು. ಪರಿಶೀಲಿಸಿ ನೋಡಿದಾಗ ಇವುಗಳಲ್ಲಿ ಒಂದೂ ನಿಲ್ಲಲಿಲ್ಲ. ಶಾಲೆಯಲ್ಲಿ ಉತ್ತಮ ಅಂಕ ಪಡೆದವರೂ ಇಲ್ಲಿ ಎಡವಿದ್ದರು; ಮಕ್ಕಳ ಓದಿಗಾಗಿ ತಂದೆತಾಯಿಗಳು ಹಂಬಲಿಸುತ್ತಿದ್ದರು.

ಆಗ ಟ್ರೈಸ್‌ಮನ್ನರು ಊಹೆಯನ್ನು ಬಿಟ್ಟು ವೀಕ್ಷಣೆಗೆ ತೊಡಗಿದರು. 20 ಮಂದಿ ಕಪ್ಪುವರ್ಣೀಯ ವಿದ್ಯಾರ್ಥಿಗಳು ಮತ್ತು 20 ಮಂದಿ ಚೀನೀ ಮೂಲದ ವಿದ್ಯಾರ್ಥಿಗಳು ಹೇಗೆ ಓದುತ್ತಾರೆಂಬುದನ್ನು ಹತ್ತಿರದಿಂದ ಕಂಡರು. ಮೊದಲ ಗುಂಪಿನಲ್ಲಿ 18 ಮಂದಿ ಸಹಪಾಠಿಗಳೊಡನೆ ಎಂದೂ ಕೂಡಿ ಓದುತ್ತಿರಲಿಲ್ಲ. ಎರಡನೆಯ ಗುಂಪಿನವರು ಒಬ್ಬೊಬ್ಬರೇ ಲೆಕ್ಕ ಮಾಡಿದ ಬಳಿಕ ಸಂಜೆ ಒಟ್ಟಿಗೆ ಉಂಡು, ಉತ್ತರಗಳನ್ನು ಹೋಲಿಸಿ, ತಪ್ಪುಗಳನ್ನು ಪರಸ್ಪರ ತಿದ್ದುತ್ತಿದ್ದರು. ಲೆಕ್ಕ ಬಿಡಿಸಲಾಗದಿದ್ದಾಗ ಅದು ಎಲ್ಲರಿಗೂ ಕಠಿಣವೋ ತನಗೊಬ್ಬನಿಗೇ ಕಠಿಣವೋ ಎಂಬುದು ಅವರಿಗೆ ತಿಳಿಯುತ್ತಿತ್ತು. ಒಂಟಿಯಾಗಿ ಓದುವವನಿಗೆ ಅದು ತಿಳಿಯುವ ಬಗೆಯೇ ಇರಲಿಲ್ಲ. ವಿಚಿತ್ರವೆಂದರೆ, ಶಾಲೆಯಲ್ಲಿ ಅವನನ್ನು ಗೆಲ್ಲಿಸಿದ್ದೂ ಇದೇ ಸ್ವಾವಲಂಬನೆ!

ಟ್ರೈಸ್‌ಮನ್ನರು ದುರ್ಬಲರಿಗೆಂದು ಪಾಠ ಏರ್ಪಡಿಸಲಿಲ್ಲ. ಹೆಚ್ಚು ಕಠಿಣವಾದ ಸಮಸ್ಯೆಗಳನ್ನು ಕೊಟ್ಟು, ಚಿಕ್ಕ ಗುಂಪುಗಳಲ್ಲಿ ಬಿಡಿಸುವ ಕಾರ್ಯಾಗಾರವನ್ನು ಆರಂಭಿಸಿದರು. ಅದರಲ್ಲಿ ಭಾಗವಹಿಸಿದ ಕಪ್ಪುವರ್ಣೀಯ ವಿದ್ಯಾರ್ಥಿಗಳ ಫಲಿತಾಂಶ ಗಣನೀಯವಾಗಿ ಉತ್ತಮಗೊಂಡಿತು. ಓದನ್ನು ನಡುವೆ ಬಿಟ್ಟವರೂ ಕಡಿಮೆ. ತಾವಾಗಿ ಬಂದವರೇ ಇದಕ್ಕೆ ಸೇರಿದ್ದರಾದ್ದರಿಂದ ಹೋಲಿಕೆ ಸಂಪೂರ್ಣ ನಿರ್ದುಷ್ಟವಲ್ಲ. ಆದರೂ ನಂಬಿಕೊಂಡಿದ್ದ ಕಾರಣಗಳನ್ನು ಪರೀಕ್ಷೆಗೆ ಒಡ್ಡಿದ ಈ ಕ್ರಮ ಅನುಕರಣೀಯವಾದುದು.

ನಮ್ಮ ನಾಡಿನ ಸ್ಥಿತಿ ಬೇರೆ. ಆದರೆ ಒಂಟಿತನ ಅಪರಿಚಿತವಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ವಿಜ್ಞಾನ ತರಗತಿಗೆ ಬಂದ ಹಳ್ಳಿಯ ಹುಡುಗಿ, ಇಂಗ್ಲಿಷಿನ ಪ್ರವಚನ ಅರ್ಥವಾಗದಿದ್ದಾಗ ಪಕ್ಕದವಳನ್ನು ಕೇಳಲು ನಾಚುತ್ತಾಳೆ. ಭಾಷೆಯ ತೊಡಕನ್ನು ತನ್ನ ಬುದ್ಧಿಯ ಕೊರತೆಯೆಂದು ತಿಳಿಯುತ್ತಾಳೆ. ಪಕ್ಕದವಳಿಗೂ ಅರ್ಥವಾಗಿರುವುದಿಲ್ಲ!

ವಿದ್ಯಾರ್ಥಿವೇತನ, ವಸತಿನಿಲಯಗಳು ಅತ್ಯಗತ್ಯವೆಂಬುದರಲ್ಲಿ ಸಂಶಯವಿಲ್ಲ. ಅವುಗಳೊಡನೆ ಪ್ರತಿಯೊಂದು ಕಾಲೇಜೂ ಸಂಜೆ ಒಂದು ಕೊಠಡಿಯನ್ನು ತೆರೆದಿಟ್ಟು, ಒಂದು ಕರಿಹಲಗೆಯನ್ನೂ ಕೆಲವು ಕಠಿಣ ಸಮಸ್ಯೆಗಳನ್ನೂ ಒದಗಿಸಬೇಕೆಂದು ನಾವು ಭಾವಿಸುತ್ತೇವೆ. ಅಧ್ಯಾಪಕರು ಹಿನ್ನೆಲೆಯಲ್ಲಿದ್ದರೆ ಸಾಕು. ಯಾರು ಪದವಿ ಮುಗಿಸಿದರು, ಯಾರು ನಡುವೆ ಬಿಟ್ಟರು, ಏಕೆ ಎಂಬ ಲೆಕ್ಕವನ್ನೂ ಇಡಬೇಕು. ಅಲ್ಲಿಯವರೆಗೆ ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ನಾಳೆಯೇ ನಾಲ್ವರು ಕೂಡಿ ಕುಳಿತು, ಬಿಡಿಸಲಾಗದ ಲೆಕ್ಕವೊಂದನ್ನು ನಡುವೆ ಇಟ್ಟುಕೊಳ್ಳಲಿ. ಮೂಲೆಯಲ್ಲಿ ಒಂಟಿಯಾಗಿರುವ ಐದನೆಯವನನ್ನೂ ಕರೆಯಲಿ.